ಕೆರೆಗೆ ಲೈಫ್‌ಗಾರ್ಡ್ ಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಹೇಮಾವತಿ ನಾಲೆ ನೀರು ಬರೋಕೆ ಶುರುವಾದ ಮೇಲೆ ನಮ್ಮೂರ ಕೆರೆ ಹೆಚ್ಚುಕಡಿಮೆ ಪ್ರತಿ ವರ್ಷ ತುಂಬುತ್ತಿದೆ. ಕೋಡಿ ಬಿದ್ದರೆ ಸಾಕು, ಭಾನುವಾರ ತುಮಕೂರು, ಬೆಂಗಳೂರಿನಿಂದ ಬೈಕ್‌ಗಳಲ್ಲಿ ಹುಡುಗರು ಬರುತ್ತಾರೆ. ಹೋದ ವರ್ಷ ಇಬ್ಬರು ಹೋಗಿಬಿಟ್ಟರು, ಅದರಲ್ಲಿ ಒಬ್ಬ ನಮ್ಮೂರಿನವನೇ. ಮಲ್ಪೆ, ಮುರುಡೇಶ್ವರದಲ್ಲಿ ಇರುವ ಹಾಗೆ ನಮ್ಮ ಕೆರೆಗೂ ಲೈಫ್‌ಗಾರ್ಡ್ ಇಡಬಹುದಾ? ಊರಲ್ಲಿ ಚೆನ್ನಾಗಿ ಈಜುವ ಹುಡುಗರಿದ್ದಾರೆ, ಅವರನ್ನೇ ನಿಲ್ಲಿಸಿದರೆ ಸಾಕಾ? ಎಷ್ಟು ಜನ, ಎಷ್ಟು ದಿನ ಬೇಕಾಗುತ್ತದೆ?

ಉತ್ತರ: ಅಕ್ಕ, ನಮಸ್ಕಾರ. ಇಡಬಹುದು, ಇಡಲೇಬೇಕು. ಆದರೆ ಮಲ್ಪೆಯಲ್ಲಿ ಇರುವುದನ್ನು ಹಾಗೇ ತಂದು ನಿಮ್ಮ ಏರಿ ಮೇಲೆ ನಿಲ್ಲಿಸಿದರೆ ಕೆಲಸ ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ತುಮಕೂರು ಕಡೆಯವನೇ. ಈಜು ಕಲಿತದ್ದು ಅಜ್ಜನ ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು. ಆಮೇಲೆ ಹನ್ನೊಂದು ವರ್ಷ ಉಡುಪಿ ಕಡೆಯ ಕಡಲತೀರದಲ್ಲಿ ಲೈಫ್‌ಗಾರ್ಡ್ ಕೆಲಸ ಮಾಡಿದೆ, ಕೊನೆಯ ನಾಲ್ಕು ವರ್ಷ ಹೊಸಬರಿಗೆ ತರಬೇತಿ ಕೊಟ್ಟೆ. ಈಗ ಊರಲ್ಲೇ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ.

ನಮ್ಮ ಕಡೆ ಕೆರೆಯಲ್ಲಿ ಯಾರಾದರೂ ಮುಳುಗಿದರೆ ಏನಾಗುತ್ತದೆ ನೋಡಿ. ದಡದಲ್ಲಿದ್ದವರು ಕೂಗುತ್ತಾರೆ, ಊರವರು ಓಡಿ ಬರುತ್ತಾರೆ, ಯಾರೋ 112ಕ್ಕೆ ಫೋನ್ ಮಾಡುತ್ತಾರೆ, ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ಗಾಡಿ ಹೊರಡುತ್ತದೆ, ಅದು ಎಷ್ಟೇ ಜೋರಾಗಿ ಬಂದರೂ ಹಳ್ಳಿ ರಸ್ತೆಯಲ್ಲಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ಹಿಡಿಯುತ್ತದೆ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರು. ಹಾಗಾಗಿ ಆ ಸಿಬ್ಬಂದಿಯದ್ದು ಏನೂ ತಪ್ಪಿಲ್ಲದಿದ್ದರೂ ಅವರು ಬಂದು ಮಾಡುವುದು ಶವ ಹುಡುಕುವ ಕೆಲಸ. ಮರುದಿನ ಪೇಪರಿನಲ್ಲಿ ‘ಮುಳುಗುತಜ್ಞರಿಂದ ಶೋಧ’ ಅಂತ ಬರುತ್ತದೆ. ಮುಳುಗಿದವರನ್ನು ಮೇಲೆತ್ತಲು ನಮ್ಮಲ್ಲಿ ಜನ ಇದ್ದಾರೆ. ಮುಳುಗುವ ಮೊದಲು ‘ಏಯ್, ಅಲ್ಲಿ ಇಳೀಬೇಡ’ ಅನ್ನಲು ಒಬ್ಬರೂ ಇಲ್ಲ. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಜಾಸ್ತಿ ಜನ ಹೀಗೆ ನೀರುಪಾಲಾಗುತ್ತಾರೆ ಎಂದು ಸರ್ಕಾರದ ಅಪಘಾತ ಸಾವುಗಳ ಲೆಕ್ಕವೇ ಹೇಳುತ್ತದೆ.

ಹಿಂದೆ ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ, ನಿಮ್ಮೂರಲ್ಲೂ ಆ ಮನೆತನದವರು ಇರಬಹುದು. ತೂಬು ಎತ್ತುವುದು, ಸರದಿ ಪ್ರಕಾರ ಗದ್ದೆಗೆ ನೀರು ಬಿಡುವುದು, ಏರಿಯಲ್ಲಿ ಎಲ್ಲಿ ಜಿನುಗುತ್ತಿದೆ, ಎಲ್ಲಿ ಇಲಿ ಬಿಲ ತೋಡಿದೆ ಅಂತ ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಅಳೆದು ಕೊಡುತ್ತಿದ್ದರು. ಕೆರೆಯ ಒಳಗು ಹೊರಗು ಪೂರ್ತಿ ಗೊತ್ತಿದ್ದ, ದಿನಾ ಅಲ್ಲೇ ಇರುತ್ತಿದ್ದ ಒಬ್ಬ ಮನುಷ್ಯ ಅವನು. ಬೋರ್‌ವೆಲ್ ಬಂದಮೇಲೆ ಆ ಕೆಲಸ ಹೋಯಿತು. ಈಗ ಎಷ್ಟೋ ಕೆರೆಗಳಿಗೆ ನೀರು ವಾಪಸ್ ಬಂದಿದೆ. ಇಲ್ಲಿ ಹೇಮಾವತಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಯೋಜನೆಗಳಿವೆಯಲ್ಲ, ಅದರಲ್ಲಿ ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ. ನೀರು ಬಂತು, ನೀರು ಕಾಯುವವನು ಬರಲಿಲ್ಲ. ಹತ್ತು ಹದಿನೈದು ವರ್ಷ ಒಣಗಿದ್ದ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗರಿಗೆ ತುಂಬಿದ ಕೆರೆಯ ಹೆದರಿಕೆಯೇ ಇಲ್ಲ, ಈಜೂ ಬರುವುದಿಲ್ಲ.

ಸಮುದ್ರಕ್ಕೂ ಕೆರೆಗೂ ಇರುವ ವ್ಯತ್ಯಾಸ ಹೇಳಿಬಿಡುತ್ತೇನೆ, ಯಾಕಂದರೆ ನೀವು ಯಾರನ್ನು ನಿಲ್ಲಿಸಬೇಕು ಅನ್ನುವುದು ಅದರ ಮೇಲೇ ನಿಂತಿದೆ. ಸಮುದ್ರದಲ್ಲಿ ಜೀವ ತೆಗೆಯುವುದು ಸೆಳೆತ. ದಡಕ್ಕೆ ಬಂದ ಅಲೆಗಳ ನೀರು ಒಂದು ಕಿರಿದಾದ ದಾರಿ ಹಿಡಿದು ವಾಪಸ್ ಹೋಗುತ್ತದೆ. ಆ ಜಾಗದಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ, ನೋಡಲು ಶಾಂತವಾಗಿರುತ್ತದೆ. ನಮ್ಮ ಕಡೆಯಿಂದ ಹೋದವರು ಇಲ್ಲೇ ಚೆನ್ನಾಗಿದೆ ಅಂತ ಅಲ್ಲೇ ಇಳಿಯುತ್ತಾರೆ. ಆದರೆ ಸೆಳೆತ ಮನುಷ್ಯನನ್ನು ಒಳಕ್ಕೆ ಒಯ್ಯುತ್ತದೆಯೇ ಹೊರತು ಕೆಳಕ್ಕೆ ಎಳೆಯುವುದಿಲ್ಲ. ಅದಕ್ಕೆ ಎದುರಾಗಿ ಈಜಿ ಸುಸ್ತಾಗುವ ಬದಲು ತೇಲಿಕೊಂಡು ಪಕ್ಕಕ್ಕೆ ಸರಿದರೆ ಹೊರಗೆ ಬರಬಹುದು, ಉಪ್ಪು ನೀರು ತೇಲಿಸುತ್ತದೆ ಕೂಡ. ಕಾವಲಿರುವ ಜಾಗಕ್ಕೆ ಎರಡೂ ಕಡೆ ಕೆಂಪು ಹಳದಿ ಬಾವುಟ, ಇಳಿಯಲೇಬಾರದು ಅಂದರೆ ಬರೀ ಕೆಂಪು.

ಕೆರೆಯಲ್ಲಿ ಅಲೆಯೂ ಇಲ್ಲ, ಸದ್ದೂ ಇಲ್ಲ. ಅಪಾಯ ಎಲ್ಲ ಕೆಳಗಡೆ. ಮನೆ ಸೈಟಿಗೆ, ಇಟ್ಟಿಗೆಗೆ, ತೋಟಕ್ಕೆ ಅಂತ ಜೆಸಿಬಿಯಲ್ಲಿ ಮಣ್ಣು ತೆಗೆದಿರುತ್ತಾರಲ್ಲ, ಆ ಗುಂಡಿಗಳೇ ನಮ್ಮ ಜಿಲ್ಲೆಯಲ್ಲಿ ಜಾಸ್ತಿ ಜೀವ ತೆಗೆಯುತ್ತಿರುವುದು ಅಂತ ನನಗನ್ನಿಸುತ್ತದೆ. ಹಳೇ ಕೆರೆಯ ಅಂಗಳ ತಟ್ಟೆಯ ಹಾಗೆ ನಿಧಾನಕ್ಕೆ ಇಳಿಯುತ್ತಿತ್ತು. ಜೆಸಿಬಿ ಗುಂಡಿಯ ಅಂಚು ಗೋಡೆಯ ಹಾಗೆ ನೆಟ್ಟಗಿರುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಗುತ್ತಾ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಎರಡಾಳು ಆಳದಲ್ಲಿರುತ್ತಾನೆ. ಅಂಚಿನ ಮಣ್ಣು ಹಿಡಿದರೆ ಕೈಗೆ ಕುಸಿದು ಬರುತ್ತದೆ. ಕೆಳಗೆ ಕೆಸರು, ಪಕ್ಕದಲ್ಲಿ ಜೊಂಡು, ನೀರು ಟೀ ಬಣ್ಣ, ಒಂದು ಮೊಳ ಕೆಳಗಿರುವುದು ಕಾಣುವುದಿಲ್ಲ. ಮಲ್ಪೆಯ ಒಳ್ಳೇ ಲೈಫ್‌ಗಾರ್ಡ್ ಒಬ್ಬನನ್ನು ಕರೆದುಕೊಂಡು ಬಂದು ಇಲ್ಲಿ ನಿಲ್ಲಿಸಿದರೂ ಅವನಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ನಿಮ್ಮೂರ ಮೀನು ಹಿಡಿಯುವವರಿಗೆ, ಕುರಿ ಕಾಯುವವರಿಗೆ ಗೊತ್ತು.

ಇನ್ನು ಕೋಡಿ. ಪಾದ ಮುಚ್ಚುವಷ್ಟೇ ನೀರಿದೆ, ಏನಾಗುತ್ತದೆ ಅಂತಾರೆ. ಕೋಡಿ ಕಲ್ಲಿನ ಮೇಲೆ ಪಾಚಿ ಎಣ್ಣೆ ಸವರಿದ ಹಾಗಿರುತ್ತದೆ. ಓಡುವ ನೀರು ಮೊಣಕಾಲಿಗೆ ಬಂದರೆ ಗಟ್ಟಿ ಆಳನ್ನೂ ಕೆಡವುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಂಥ ಕಡೆ ಇನ್ನೂ ಹುಷಾರಾಗಿರಬೇಕು, ಅಲ್ಲಿರುವುದು ನೀರು ಒಂದು ಮಟ್ಟಕ್ಕೆ ಬಂದರೆ ತಾನಾಗಿಯೇ ಹರಿಯುವ ಸೈಫನ್. ಯಾರೂ ಗೇಟು ಎತ್ತಬೇಕಾಗಿಲ್ಲ, ಕೆಳಗೆ ನಿಂತವರಿಗೆ ಹೇಳುವವರೂ ಇರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚೆನ್ನಾಗಿ ಈಜುವವರು ಸಾಕಾ? ಈಜು ಬೇಕು, ಆದರೆ ಅದು ಕೆಲಸದ ಸಣ್ಣ ಭಾಗ. ಒಳ್ಳೇ ಲೈಫ್‌ಗಾರ್ಡ್ ಇಡೀ ದಿನದಲ್ಲಿ ನೀರಿಗೆ ಇಳಿಯುವುದೇ ಇಲ್ಲ. ಅವನ ಕಣ್ಣು, ಬಾಯಿ, ಸೀಟಿ ಈ ಮೂರೇ ಜಾಸ್ತಿ ಕೆಲಸ ಮಾಡುವುದು. ನಾನು ತರಬೇತಿ ಕೊಡುತ್ತಿದ್ದಾಗ ತುಂಬ ಚೆನ್ನಾಗಿ ಈಜುವ ಹುಡುಗರನ್ನು ವಾಪಸ್ ಕಳಿಸಿದ್ದೇನೆ, ಅರ್ಧ ಗಂಟೆ ಫೋನ್ ನೋಡದೆ ನೀರು ನೋಡುವುದಕ್ಕೆ ಅವರ ಕೈಲಿ ಆಗುತ್ತಿರಲಿಲ್ಲ.

ಒಂದು ದಿನದ ಕಥೆ ಹೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆ, ಜನ ಕಿಕ್ಕಿರಿದಿದ್ದರು. ನನ್ನಿಂದ ನಲವತ್ತು ಅಡಿ ದೂರದಲ್ಲಿ ಹತ್ತು ಹನ್ನೊಂದು ವರ್ಷದ ಒಬ್ಬಳು ಹುಡುಗಿ, ಹಳದಿ ಚೂಡಿದಾರ. ಅವಳ ಅಪ್ಪ ಅವಳಿಂದ ಎರಡು ಮಾರು ಆಚೆ ಅಣ್ಣನ ಫೋಟೋ ತೆಗೆಯುತ್ತಿದ್ದರು. ಹುಡುಗಿ ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕೇ ಇತ್ತು, ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುತ್ತಿರಲಿಲ್ಲ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದಳು, ಇಲ್ಲದ ಏಣಿ ಹತ್ತುವ ಹಾಗೆ. ನಾನು ಹೋಗಿ ಎತ್ತಿಕೊಂಡಾಗ ಅಪ್ಪ ತಿರುಗಿ ನೋಡಿ ‘ಆಟ ಆಡ್ತಾ ಇದ್ದಾಳೆ’ ಅಂದರು. ಅವರದ್ದು ತಪ್ಪಲ್ಲ. ಮುಳುಗುವುದು ಹಾಗೇ ಇರುತ್ತದೆ ಅಕ್ಕ, ಸದ್ದೇ ಇರುವುದಿಲ್ಲ. ಉಸಿರಿಗೇ ಗತಿ ಇಲ್ಲದಾಗ ಕೂಗುವುದು ಎಲ್ಲಿಂದ? ಅಂಥ ಒದ್ದಾಟ ಹೆಚ್ಚೆಂದರೆ ಒಂದು ನಿಮಿಷ, ಚಿಕ್ಕ ಮಕ್ಕಳಲ್ಲಿ ಅರ್ಧ ನಿಮಿಷವೂ ಇಲ್ಲ. ನಿಮ್ಮ ಹುಡುಗರಿಗೆ ಮೊದಲು ಕಲಿಸಬೇಕಾದದ್ದು ಈ ದೃಶ್ಯ.

ಆಯ್ಕೆ ಮಾಡುವಾಗ ನಾನಾದರೆ ಹೀಗೆ ನೋಡುತ್ತೇನೆ. 200 ಮೀಟರ್ ನಿಲ್ಲದೆ ಈಜಬೇಕು, ಬಟ್ಟೆ ಹಾಕಿಕೊಂಡೂ ಈಜಬೇಕು, ತನ್ನಷ್ಟೇ ತೂಕದವನನ್ನು 25 ಮೀಟರ್ ಎಳೆದು ತರಬೇಕು. ವಯಸ್ಸು 18 ದಾಟಿರಬೇಕು. ಕುಡಿಯುವ ಅಭ್ಯಾಸ ಇದ್ದವರು ಬೇಡ. ಜೋರು ಮಾಡದೆ ಮಾತಾಡಲು ಬರಬೇಕು. ಬೆಂಗಳೂರಿನಿಂದ ಬಂದ ಹತ್ತು ಹುಡುಗರ ಗುಂಪಿಗೆ ‘ಅಣ್ಣ, ಆ ಕಡೆ ಹೋಗಬೇಡಿ, ಅಲ್ಲಿ ಗುಂಡಿ ಇದೆ, ಹೋದ ವರ್ಷ ನಮ್ಮ ಹುಡುಗ ಹೋದದ್ದು ಅಲ್ಲೇ’ ಅಂತ ಹೇಳಿ ನೋಡಿ. ‘ಇಳಿದರೆ ಫೈನ್’ ಅನ್ನುವುದಕ್ಕಿಂತ ಹತ್ತು ಪಾಲು ಜಾಸ್ತಿ ಕೇಳುತ್ತಾರೆ. ಹೆಣ್ಣುಮಕ್ಕಳಲ್ಲಿ ಈಜು ಬರುವವರು ಇದ್ದರೆ ದಯವಿಟ್ಟು ಬಿಡಬೇಡಿ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ಅವರೇ ಬೇಕು.

ತರಬೇತಿಗೆ ಮೂರು ಬಾಗಿಲು ತಟ್ಟಿ. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಠಾಣೆಯಲ್ಲಿ ಕೇಳಿದರೆ ಹಳ್ಳಿಗೆ ಬಂದು ಪ್ರಾತ್ಯಕ್ಷಿಕೆ ಕೊಡುತ್ತಾರೆ. ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪತ್ರ ಬರೆದು ‘ಆಪದ ಮಿತ್ರ’ ಸ್ವಯಂಸೇವಕರ ತರಬೇತಿಗೆ ನಿಮ್ಮ ಹುಡುಗರನ್ನು ಸೇರಿಸಲು ಕೇಳಿ. ಒಬ್ಬಿಬ್ಬರನ್ನಾದರೂ ದೊಡ್ಡ ತರಬೇತಿಗೆ ಕಳಿಸಬೇಕು ಅನ್ನಿಸಿದರೆ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಲೈಫ್‌ಗಾರ್ಡ್ ಕೋರ್ಸ್ ಅಲ್ಲೇ ನಡೆಸುತ್ತಾರೆ. ಗೋವಾದ ಬೀಚ್‌ಗಳಲ್ಲಿ 2008ರಿಂದ ಸಂಬಳದ ಲೈಫ್‌ಗಾರ್ಡ್ ಸೇವೆ ಇದೆ. ಸಂಬಳ, ಸರದಿ, ಸಮವಸ್ತ್ರ, ದಿನಾ ಅಭ್ಯಾಸ, ಇವು ಇದ್ದುದರಿಂದಲೇ ಅದು ನಿಂತಿದೆ. ಬರೀ ಸೇವೆ ಅಂತ ಮಾಡಿಸಿದರೆ ಮೂರನೇ ಭಾನುವಾರಕ್ಕೆ ಯಾರೂ ಬರುವುದಿಲ್ಲ. ಸುಮ್ನೆ ನಿಲ್ಲಿಸಬೇಡಿ, ಕೂಲಿ ಕೊಡಿ.

ಕೂಲಿ ಲೆಕ್ಕ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ನಮ್ಮ ಕಡೆ ಮಳೆ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನ ಬರುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ, ಅದೂ ಶನಿವಾರ, ಭಾನುವಾರ. ನಾಲ್ಕು ತಿಂಗಳಿಗೆ ಸುಮಾರು 35 ದಿನ. ಗಣೇಶ ಬಿಡುವ ದಿನಗಳು, ದಸರಾ ರಜೆ, ಜಾತ್ರೆ ಎಲ್ಲ ಸೇರಿಸಿ ಇನ್ನೊಂದು 15 ಹಾಕಿ, ಒಟ್ಟು 50 ದಿನ. ದಿನಕ್ಕೆ ಇಬ್ಬರು. ಅಂದರೆ 100 ಆಳಿನ ಕೂಲಿ. ಒಬ್ಬನನ್ನು ಮಾತ್ರ ಇಡಬೇಡಿ, ಇದೊಂದು ವಿಷಯದಲ್ಲಿ ರಾಜಿ ಬೇಡ. ಒಬ್ಬ ನೀರಿಗೆ ಇಳಿದರೆ ಉಳಿದ ಜನರನ್ನು ಯಾರು ನೋಡುತ್ತಾರೆ, 112ಕ್ಕೆ ಯಾರು ಫೋನ್ ಮಾಡುತ್ತಾರೆ, ಹಗ್ಗದ ಇನ್ನೊಂದು ತುದಿ ಯಾರು ಹಿಡಿಯುತ್ತಾರೆ? ಅರ್ಧ ಗಂಟೆಗೊಮ್ಮೆ ಇಬ್ಬರೂ ಜಾಗ ಬದಲಾಯಿಸಲಿ, ಒಂದೇ ಕಡೆ ನೋಡುತ್ತಿದ್ದರೆ ಕಣ್ಣು ತೆರೆದಿದ್ದರೂ ಏನೂ ಕಾಣದ ಹಾಗಾಗುತ್ತದೆ. ತಲೆ ಮೇಲೆ ನೆರಳು, ಕುಡಿಯಲು ನೀರು ಇರಲಿ.

ಬೋರ್ಡ್ ಹಾಕುವಾಗ ‘ಕಾವಲು ಇದೆ’ ಅಂತ ಮಾತ್ರ ಬರೆಸಬೇಡಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಅಂತ ಬರೆಸಿ. ಕಾವಲು ಇಲ್ಲದ ದಿನ ಆ ಬೋರ್ಡ್ ನೋಡಿ ಧೈರ್ಯವಾಗಿ ಇಳಿದವನು ಮುಳುಗಿದರೆ ಅದಕ್ಕೆ ನಾವೇ ಕಾರಣ ಆಗುತ್ತೇವೆ.

ಸಾಮಾನಿನ ವಿಷಯ. ಕೆಂಪು ಬನಿಯನ್, ಸೀಟಿ, ಭುಜಕ್ಕೆ ಹಾಕಿಕೊಳ್ಳುವ ಉದ್ದನೆ ಫೋಮ್ ಟ್ಯೂಬ್ ಎರಡು, ಪ್ಲಾಸ್ಟಿಕ್ ರಿಂಗ್ ನಾಲ್ಕು, ಇಷ್ಟನ್ನು ಕೊಂಡುಕೊಳ್ಳಬೇಕು. ಉಳಿದದ್ದು ನಿಮ್ಮೂರಲ್ಲೇ ಇದೆ. ತೆಂಗಿನ ತೋಟದಲ್ಲಿ ಕಾಯಿ ಕೀಳುವ ದೋಟಿ ಇರುತ್ತದಲ್ಲ, ಅದಕ್ಕಿಂತ ಒಳ್ಳೇ ಸಾಧನ ನಾನು ಯಾವ ಬೀಚಿನಲ್ಲೂ ನೋಡಿಲ್ಲ. ಕತ್ತಿ ಬಿಚ್ಚಿಟ್ಟು ತುದಿಗೆ ಬಟ್ಟೆ ಸುತ್ತಿ, ಏರಿ ಮೇಲೆ, ಕೋಡಿ ಹತ್ತಿರ, ಒಗೆಯುವ ಕಲ್ಲಿನ ಹತ್ತಿರ ಒಂದೊಂದು ಕಂಬ ನೆಟ್ಟು ಅದಕ್ಕೆ ಒಂದೊಂದು ದೋಟಿ ಕಟ್ಟಿ. ಅದೇ ಕಂಬಕ್ಕೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್, ಅದರ ಹಿಡಿಗೆ 20 ಮೀಟರ್ ನೈಲಾನ್ ಹಗ್ಗ. ಕ್ಯಾನಿನೊಳಗೆ ಒಂದು ಲೋಟ ನೀರು ಬಿಟ್ಟು ಮುಚ್ಚಳ ಬಿಗಿ ಮಾಡಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ವಾಪಸ್ ಬರುತ್ತದೆ, ಸ್ವಲ್ಪ ಭಾರ ಇದ್ದರೆ ಎಸೆದ ಕಡೆ ಹೋಗಿ ಬೀಳುತ್ತದೆ. ಮುಳುಗುತ್ತಿರುವವನ ತಲೆ ದಾಟಿ ಆಚೆ ಎಸೆದು, ಹಗ್ಗ ಎಳೆದು ಅವನ ಕೈಗೆ ತಂದುಕೊಡಬೇಕು. ಎದೆಯಡಿ ಕ್ಯಾನ್ ಅವುಚಿಕೊಂಡರೆ ದೊಡ್ಡವರೂ ತೇಲುತ್ತಾರೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆ ಒಬ್ಬರೇ ಮುಳುಗುವುದಕ್ಕಿಂತ ಇಬ್ಬರು ಮೂವರು ಒಟ್ಟಿಗೆ ಹೋಗುವುದು ಹೆಚ್ಚು ಕಿವಿಗೆ ಬೀಳುತ್ತದೆ. ಮಗಳು ಜಾರಿದಳು, ಅಮ್ಮ ಹಾರಿದಳು, ಅಮ್ಮನನ್ನು ಹಿಡಿಯಲು ಚಿಕ್ಕಮ್ಮ. ಮುಳುಗುತ್ತಿರುವವರು ಸಿಕ್ಕಿದ್ದನ್ನು ಹತ್ತುತ್ತಾರೆ, ಅದು ನಿಮ್ಮ ಹೆಗಲೂ ಆಗಬಹುದು, ತಲೆಯೂ ಆಗಬಹುದು. ಅದಕ್ಕೇ ಮೊದಲು ಕೂಗಿ ಜನ ಸೇರಿಸು, ಆಮೇಲೆ ದೋಟಿ ಚಾಚು, ಆಗದಿದ್ದರೆ ಕ್ಯಾನ್ ಎಸೆ, ತರಬೇತಿ ಆಗಿದ್ದು ಕೈಯಲ್ಲಿ ತೇಲುವ ವಸ್ತು ಇದ್ದರೆ ಮಾತ್ರ ಇಳಿ. ಸೀರೆ ಸೆರಗನ್ನಾದರೂ ಬಿಚ್ಚಿ ಎಸೆಯಬಹುದು. ಇದನ್ನು ನಿಮ್ಮ ಲೈಫ್‌ಗಾರ್ಡ್ ಹುಡುಗರಿಗೆ ಮಾತ್ರ ಹೇಳಿಕೊಟ್ಟರೆ ಸಾಲದು. ಸ್ವಸಹಾಯ ಸಂಘದ ಹೆಂಗಸರು, ಕುರಿ ಕಾಯುವವರು, ಹೈಸ್ಕೂಲ್ ಮಕ್ಕಳು ಒಂದು ಸಲವಾದರೂ ಕೈಯಾರೆ ಎಸೆದು ನೋಡಬೇಕು. ವಾರದ ಉಳಿದ ಐದು ದಿನ ಕೆರೆ ಹತ್ತಿರ ಇರುವವರು ಅವರೇ ಅಲ್ವಾ?

ಮೇಲೆ ತಂದಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ನಮ್ಮ ಕಡೆ ಬಹಳ ತಪ್ಪು ನಡೆಯುತ್ತದೆ. ಹೊಟ್ಟೆ ಒತ್ತಿ ನೀರು ತೆಗೆಯುತ್ತಾರೆ, ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ. ಬೇಡ. ಹೊಟ್ಟೆ ಒತ್ತಿದರೆ ಒಳಗಿದ್ದ ಊಟ ಬಂದು ಉಸಿರಿನ ದಾರಿ ಮುಚ್ಚುತ್ತದೆ, ಸಮಯವೂ ಹೋಗುತ್ತದೆ. ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ, ಉಸಿರು ಇಲ್ಲ ಅಂದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಎರಡರಿಂದ ಐದು ಸಲ ಎದೆ ಏಳುವಷ್ಟು ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ದೊಡ್ಡವರಿಗಾದರೆ ಐದಾರು ಸೆಂಟಿಮೀಟರ್ ಒಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು, ಮತ್ತೆ 30. 108 ಬರುವ ತನಕ ನಿಲ್ಲಿಸಬಾರದು. ಹೃದಯಾಘಾತಕ್ಕೆ ಬರೀ ಎದೆ ಒತ್ತಿದರೂ ನಡೆಯುತ್ತದೆ ಅಂತ ಕೇಳಿರುತ್ತೀರಿ, ಮುಳುಗಿದವರಿಗೆ ಹಾಗಲ್ಲ, ಅವರಿಗೆ ಕಡಿಮೆಯಾಗಿರುವುದೇ ಗಾಳಿ. ಎದ್ದು ಕೂತು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕಳಿಸಿ. ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಬದುಕುತ್ತಾರೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದು ಪೂರ್ತಿ ಸುಳ್ಳು. ನಮ್ಮ ರಾಜ್ಯದಲ್ಲೇ ಅಪ್ಪ ಅಮ್ಮಂದಿರು ಅದನ್ನು ನಂಬಿ ಮಕ್ಕಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದಿದ್ದಾರೆ. ಗ್ರಾಮಸಭೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿ.

ಕಾಗದ ಪತ್ರದ ಕೆಲಸ ಚುಟುಕಾಗಿ. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಅದು ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಯದು. ಯಾರದು ಅಂತ ನೋಡಿಕೊಂಡು ಕಂಬ, ಬೋರ್ಡ್, ಹಗ್ಗ ಕಟ್ಟಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಪೊಲೀಸ್ ಠಾಣೆಗೆ ಕಾವಲಿನ ದಿನಗಳ ಪಟ್ಟಿ ಕೊಡಿ. ಗ್ರಾಮಸಭೆ ನಡಾವಳಿಯಲ್ಲಿ ಬರೆಸಿ.

ನೀವು ಕೇಳದ ಒಂದು ಮಾತು. ಐದು ವರ್ಷದೊಳಗಿನ ಮಕ್ಕಳು ಹೋಗುವುದು ಕೋಡಿಯಲ್ಲಿ ಅಲ್ಲ, ಮನೆ ಪಕ್ಕದ ಕೃಷಿ ಹೊಂಡದಲ್ಲಿ, ತೊಟ್ಟಿಯಲ್ಲಿ. 2014ರಲ್ಲಿ ಹೊಂಡ ತೋಡಿಸಲು ಸಹಾಯಧನ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದಮೇಲೆ ಹೊಂಡಗಳು ಜಾಸ್ತಿಯಾದವು, ರೈತರಿಗೆ ಒಳ್ಳೆಯದೇ ಆಯಿತು. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಒದ್ದೆಯಾದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ಬೇಲಿ ಹಾಕಿಸಿ, ನಾಲ್ಕೂ ಮೂಲೆಗೆ ಗಂಟು ಹಾಕಿದ ಹಗ್ಗ ನೀರಿನ ತನಕ ಇಳಿಬಿಡಿಸಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತು ಮಕ್ಕಳನ್ನು ‘ಆಂಚಲ್’ ಅನ್ನುವ ಶಿಶುಮನೆಗಳಲ್ಲಿ ನೋಡಿಕೊಂಡರು, ಅಲ್ಲಿಗೆ ಬರುವ ಮಕ್ಕಳಲ್ಲಿ ಮುಳುಗಿ ಸಾಯುವುದು ಶೇ 80ರಷ್ಟು ತಗ್ಗಿತು. ನಮಗೆ ಅಂಗನವಾಡಿ ಇದ್ದೇ ಇದೆ. ಕೊಯ್ಲಿನ ದಿನಗಳಲ್ಲಿ ಅದು ಹೊತ್ತಿಗೆ ಸರಿಯಾಗಿ ತೆರೆದಿರುವ ಹಾಗೆ ನೀವು ನೋಡಿಕೊಂಡರೆ ಅದೂ ಕಾವಲೇ.

ನಿಮ್ಮೂರ ಶಾಲೆಯವರು ಪ್ರವಾಸ ಹೊರಟಾಗಲೂ ಒಂದು ಮಾತು ಹೇಳಿ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ತೀರಿಕೊಂಡರು. ಮೊದಲ ಸಲ ಸಮುದ್ರ ನೋಡುವ ಮಕ್ಕಳ ಖುಷಿ ಎಂಥದ್ದು ಅಂತ ನಾನು ದಿನಾ ನೋಡಿದ್ದೇನೆ, ಬಸ್ಸಿನಿಂದ ಇಳಿದವರೇ ಚಪ್ಪಲಿ ಬಿಟ್ಟು ಓಡುತ್ತಾರೆ. ಬಸ್ಸಿನ ಬಾಗಿಲು ತೆಗೆಯುವ ಮೊದಲೇ ಮೇಷ್ಟ್ರು ಒಬ್ಬರು ಇಳಿದು ಲೈಫ್‌ಗಾರ್ಡ್‌ನ ಕೇಳಿಕೊಂಡು ಬರಲಿ, ಇವತ್ತು ಎಲ್ಲಿ ಇಳಿಸಬಹುದು ಅಂತ. ಬೇಡ ಅಂದರೆ ಬೇಡ.

ಕೊನೆಗೆ, ಶುರು ಯಾವಾಗ ಅಂದರೆ ನೀರು ತಗ್ಗಿದಾಗ. ಏಪ್ರಿಲ್ ಹೊತ್ತಿಗೆ ನಿಮ್ಮ ಕೆರೆ ಅಂಗಳ ಬಹಳಷ್ಟು ಬಯಲಾಗಿರುತ್ತದೆ. ಮೀನು ಹಿಡಿಯುವವರಲ್ಲಿ ಒಬ್ಬರು, ಕುರಿ ಕಾಯುವವರಲ್ಲಿ ಒಬ್ಬರು, ನೀವು ಆರಿಸಿದ ಹುಡುಗರು, ಎಲ್ಲರೂ ಒಂದು ಬೆಳಿಗ್ಗೆ ಬಿಸಿಲೇರುವ ಮೊದಲು ಅಂಗಳದಲ್ಲಿ ನಡೆಯೋಣ, ನಾನೂ ಬರುತ್ತೇನೆ. ಗುಂಡಿ ಕಂಡಲ್ಲೆಲ್ಲ ತುಂಬಿದಾಗಲೂ ತಲೆ ಕಾಣುವಷ್ಟು ಎತ್ತರದ ಕೆಂಪು ಬಳಿದ ಗಳ ನೆಡಬೇಕು. ಮುಚ್ಚಬಹುದಾದ ಗುಂಡಿಯನ್ನು ಅವತ್ತೇ ಗುರುತು ಮಾಡಿ ಮಳೆಗೆ ಮುಂಚೆ ಮುಚ್ಚಿಸಿ. ಹಾರೆ, ಗುದ್ದಲಿ, ಮೂವತ್ತು ಗಳ ನಿಮ್ಮ ಕಡೆಯಿಂದ ಇರಲಿ. ಹಗ್ಗ, ಕ್ಯಾನು, ಸೀಟಿ ನಾನು ತರುತ್ತೇನೆ.